ಹೌದದ ನೀರು

ಪುಣೆಯ ಹಳೆಯ ಪೇಟೆಗಳಿಗೆ ಹೊಸದಾಗಿ ಬಂದ ಕನ್ನಡಿಗನಿಗೆ ಅಲ್ಲಿಯ ಕೆಲವು ಸ್ಥಳನಾಮಗಳು ಮೊದಲು ನಗೆ ತರಿಸುವುದುಂಟು. ಕಾಳಾ ಹೌದ, ಫಡಕೆ ಹೌದ, ಪಂಚಹೌದ ಎಂಬಲ್ಲಿಯ ‘ಹೌದ’ವು ನಮ್ಮ ಸಮ್ಮತಿಸೂಚಕ ಪದವಲ್ಲ. ಅರಬ್ಬಿಯಿಂದ ಪಾರಸಿಯ ಮುಖಾಂತರ ಬಂದು ಮರಾಠಿಯಲ್ಲಿಯೂ ಉತ್ತರ ಕರ್ನಾಟಕದ ಆಡುಮಾತಿನಲ್ಲಿಯೂ ನೆಲೆನಿಂತ ಈ ಶಬ್ದಕ್ಕೆ ಕಟ್ಟಿದ ನೀರಿನ ತೊಟ್ಟಿ ಎಂದು ಅರ್ಥ. ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ನಾನಾಸಾಹೇಬ ಪೇಶವೆಯ ಆಳಿಕೆಯಲ್ಲಿ ಕಾತ್ರಜದ ಕೆರೆಗಳ ನೀರನ್ನು ನೆಲದೊಳಗಿನ ಕಲ್ಲಿನ ಕಾಲುವೆಯ ಮೂಲಕ, ಯಂತ್ರದ ನೆರವಿಲ್ಲದೆ ನೆಲದ ಇಳಿಜಾರಿನಿಂದಲೇ ಶನಿವಾರವಾಡೆಯ ವರೆಗೆ ತರಲಾಯಿತು. ದಾರಿಯುದ್ದಕ್ಕೂ ಹೌದಗಳು ಕಟ್ಟಲ್ಪಟ್ಟವು. ಇಂಜಿನಿಯರಿಂಗ್ ವಿದ್ಯೆಯ ದೃಷ್ಟಿಯಿಂದ ಇದು ಇಂದಿಗೂ ಮೆಚ್ಚತಕ್ಕ ಕೆಲಸ. ಆದರೆ ನೀರು ಎಲ್ಲರ ಪೇಟೆಯ ಕೆಳಗೆ ಹರಿದರೂ ಎಲ್ಲರ ಕೊಡವನ್ನು ಸೇರುತ್ತಿರಲಿಲ್ಲ. ಅಸ್ಪೃಶ್ಯರೆನಿಸಿದವರು ಹೌದದ ಕಟ್ಟೆಯನ್ನು ಮುಟ್ಟುವಂತಿರಲಿಲ್ಲ. ಸವರ್ಣರೊಬ್ಬರು ದಯದಿಂದ ಮೇಲಿನಿಂದ ಹೊಯ್ದರೆ ಉಂಟು, ಇಲ್ಲವಾದರೆ ಇಲ್ಲ.

ಈ ಕಟ್ಟನ್ನು ಪುಣೆಯಲ್ಲಿ ಮುರಿದುದು ಸರಕಾರವೂ ಅಲ್ಲ, ನಗರಸಭೆಯೂ ಅಲ್ಲ, ಒಬ್ಬ ಗೃಹಸ್ಥ. 1868ರಲ್ಲಿ ಜೋತೀರಾವ ಫುಲೆಯವರು ಗಂಜ ಪೇಟೆಯ ತಮ್ಮ ಮನೆಯ ಹೌದವನ್ನು ಅಸ್ಪೃಶ್ಯರಿಗೆ ತೆರೆದಿಟ್ಟರು. ಹೆಣ್ಣುಮಕ್ಕಳಿಗಾಗಿ 1848ರಲ್ಲಿ ಅವರು ತೆರೆದ ಶಾಲೆಗೆ ಸಿಕ್ಕಷ್ಟು ಪ್ರಸಿದ್ಧಿ ಈ ಕಾರ್ಯಕ್ಕೆ ಸಿಕ್ಕಿಲ್ಲ. ಶಾಲೆಗೆ ಹೋಗುವವರ ಸಂಖ್ಯೆ ಪರಿಮಿತ, ನೀರಿಗೆ ಹೋಗದವರಿಲ್ಲ. ಇದರ ಇನ್ನೊಂದು ವಿಶೇಷವನ್ನೂ ಗಮನಿಸಬೇಕು. ಆ ಹೌದ ಫುಲೆಯವರ ಸ್ವಂತದ್ದು. ತನ್ನದನ್ನು ಎಲ್ಲರದಾಗಿ ಮಾಡುವ ಹಕ್ಕು ಅವರಿಗಿದ್ದಿತು, ಅದನ್ನು ಅವರು ಬಳಸಿದರು. ಮುಂದೆ ಅರುವತ್ತು ವರ್ಷಗಳ ತರುವಾಯ, ಎಲ್ಲರದಾಗಿದ್ದುದನ್ನು ತಮ್ಮದೆಂದು ಸಾಧಿಸಲು ಕೆಲವರು ನ್ಯಾಯಾಲಯದ ಮೆಟ್ಟಲೇರಿದರು. ಆ ಕಥೆ ಪುಣೆಯಿಂದ ಘಟ್ಟವಿಳಿದು ಹೋಗುವ ಮಹಾಡದ್ದು.

ಮುಂಬಯಿ ಶಾಸನಸಭೆಯಲ್ಲಿ 1923ರ ಆಗಸ್ಟ್ ತಿಂಗಳಲ್ಲಿ ಎಸ್. ಕೆ. ಬೋಲೆಯವರು ಒಂದು ಠರಾವನ್ನು ಮಂಡಿಸಿದರು. ಸರಕಾರದ ಇಲ್ಲವೆ ಸಾರ್ವಜನಿಕರ ಹಣದಿಂದ ನಡೆಯುವ ಬಾವಿ, ಕೆರೆ, ಧರ್ಮಶಾಲೆ, ಶಾಲೆ, ದವಾಖಾನೆಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂಬುದು ಅದರ ಸಾರ. ಸಭೆ ಒಪ್ಪಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಆಗ ಮುಂಬಯಿ ಇಲಾಖೆಯಲ್ಲಿಯೇ ಇದ್ದುದರಿಂದ ನಮ್ಮ ಆ ಕಡೆಯ ಕೆರೆಬಾವಿಗಳಿಗೂ ಇದು ಅನ್ವಯಿಸುತ್ತಿದ್ದಿತು. ಈ ಠರಾವಿಗೆ ನೆಲ ಹದಮಾಡಿದವರಲ್ಲಿ ನಮ್ಮ ಜಮಖಂಡಿಯಲ್ಲಿ 1873ರಲ್ಲಿ ಹುಟ್ಟಿ, 1906ರಲ್ಲಿ ಮುಂಬಯಿಯಲ್ಲಿ ನಿರಾಶ್ರಿತ ಸಹಾಯಕಾರಿ ಮಂಡಳಿಯನ್ನು ಸ್ಥಾಪಿಸಿ, ಪುಣೆಯನ್ನು ಕಾರ್ಯಕ್ಷೇತ್ರ ಮಾಡಿಕೊಂಡ ವಿಠ್ಠಲ ರಾಮಜಿ ಶಿಂದೆಯವರೂ ಒಬ್ಬರೆಂಬುದನ್ನು ಪುಣೆಯ ಕನ್ನಡಿಗರು ಮರೆತಿರುವಂತೆ ತೋರುತ್ತದೆ.

ಠರಾವಿನಿಂದ ಆದುದೇನು? ಮಹಾಡದ ನಗರಸಭೆಯು 1924ರಲ್ಲಿ ತನ್ನ ಚವದಾರ ಕೆರೆಯನ್ನು (ರುಚಿಯಾದ ನೀರಿನ ಕೆರೆಯೆಂದು ಈ ಹೆಸರಿನ ಅರ್ಥ) ಎಲ್ಲರಿಗೂ ತೆರೆದಿದೆಯೆಂದು ಬರೆದಿಟ್ಟಿತು. ಮೂರು ವರ್ಷ ಒಬ್ಬನೂ ನೀರು ಮುಟ್ಟಲಿಲ್ಲ, ಮುಟ್ಟುವ ಧೈರ್ಯ ಯಾರಿಗೂ ಆಗಲಿಲ್ಲ. ಖಾತೆಯಲ್ಲಿ ಹಣ ಜಮೆಯಾಗಿದೆ, ಆದರೆ ಪಡೆಯಹೋದವನಿಗೆ ಹೊಡೆತ ಬೀಳುತ್ತದೆ ಎಂದರೆ ಆ ಜಮೆಯನ್ನು ಜಮೆಯೆನ್ನಬಹುದೆ? 1926ರಲ್ಲಿ ಶಾಸನಸಭೆಯು, ಠರಾವನ್ನು ನಡೆಸದ ಸಂಸ್ಥೆಗಳಿಗೆ ಸರಕಾರಿ ಅನುದಾನವನ್ನು ನಿಲ್ಲಿಸಬೇಕೆಂದು ಇನ್ನೊಂದು ಠರಾವು ಮಾಡಿತು. ಹಣದ ಭಯದಿಂದಲೂ ಕೆರೆಯ ದಾರಿ ಸುಗಮವಾಗಲಿಲ್ಲ.

1927ರ ಮಾರ್ಚ್ 20ರಂದು ಡಾ. ಅಂಬೇಡಕರರು ಸಾವಿರಾರು ಜನರೊಡನೆ ಕೆರೆಗೆ ನಡೆದುಹೋಗಿ ಬೊಗಸೆ ನೀರು ಕುಡಿದರು. ಆ ನೀರಿನಿಂದ ಅಮರತ್ವ ಬರುವುದಿಲ್ಲ, ಅದಿಲ್ಲದೆ ಇಷ್ಟು ಕಾಲ ಸತ್ತೂ ಇಲ್ಲ, ಎಲ್ಲರಂತೆ ಮನುಷ್ಯರೆಂಬುದನ್ನು ಸ್ಥಾಪಿಸಲು ಕೆರೆಗೆ ಹೋಗುವುದು ಎಂಬ ಅರ್ಥದಲ್ಲಿ ಅದೇ ವರ್ಷದ ಡಿಸೆಂಬರದಲ್ಲಿ ಅವರು ಹೇಳಿದರು. ಕುಡಿದವರ ಮೇಲೆ ಊರಲ್ಲಿ ಹಲ್ಲೆ ನಡೆಯಿತು. ಬಳಿಕ 108 ಕೊಡ ನೀರೆತ್ತಿ, ಸೆಗಣಿ ಗೋಮೂತ್ರಗಳನ್ನು ಕೂಡಿಸಿ ಕೆರೆಯನ್ನು ‘ಶುದ್ಧ’ ಮಾಡಿದರು. ಹಿಂದೂಗಳಲ್ಲದವರೂ ದನಕರುಗಳೂ ಆ ಕೆರೆಯನ್ನು ನಿತ್ಯ ಬಳಸುತ್ತಿದ್ದವೆಂಬುದನ್ನು ಇಲ್ಲಿ ನೆನೆಯಬೇಕು. ಆಗಸ್ಟ್ ತಿಂಗಳಲ್ಲಿ ನಗರಸಭೆ ತನ್ನ ಠರಾವನ್ನೇ ರದ್ದುಪಡಿಸಿತು. ಡಿಸೆಂಬರದಲ್ಲಿ ಕೆಲವರು, ಕೆರೆ ಖಾಸಗಿಯದೆಂದೂ ಅನಾದಿ ರೂಢಿ ತಮ್ಮ ಪರವಾಗಿದೆಯೆಂದೂ ದಾವೆ ಹೂಡಿ ತಡೆಯಾಜ್ಞೆ ತಂದರು. ದಾವೆ ಒಂಬತ್ತು ವರ್ಷಕ್ಕೂ ಹೆಚ್ಚು ನಡೆಯಿತು. ಅಂತಹ ಅನಾದಿ ರೂಢಿ ಸಿದ್ಧವಾಗಿಲ್ಲವೆಂದು ಮುಂಬಯಿ ಉಚ್ಚ ನ್ಯಾಯಾಲಯ 1937ರ ಮಾರ್ಚ್ 17ರಂದು ತೀರ್ಪಿತ್ತಿತು. ‘ರೂಢಿ’ ಎಂಬ ಮಾತನ್ನು ಸಾಕ್ಷ್ಯದ ಒರೆಗೆ ಹಚ್ಚಿದಾಗ ಅದು ನಿಲ್ಲಲಿಲ್ಲವೆಂಬುದು ಈ ತೀರ್ಪಿನ ಮುಖ್ಯ ಫಲ. 1950ರ ಸಂವಿಧಾನದ 15ನೆಯ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರು ಬಿಡಿಬಿಡಿಯಾಗಿ ಬಂದಿರುವುದು ಆಕಸ್ಮಿಕವಲ್ಲ.

ಇದು ಭರತಖಂಡದ ವಿಚಿತ್ರ ರೋಗವೆಂದು ಭಾವಿಸುವವರುಂಟು. ಫುಲೆಯವರು ತಮ್ಮ ಹೌದವನ್ನು ತೆರೆದ ಐದು ವರ್ಷಗಳ ಮೇಲೆ, 1873ರಲ್ಲಿ, ‘ಗುಲಾಮಗಿರಿ’ ಗ್ರಂಥವನ್ನು ನೀಗ್ರೋ ಗುಲಾಮರ ಬಿಡುಗಡೆಗಾಗಿ ದುಡಿದ ಅಮೆರಿಕೆಯ ಸಜ್ಜನರಿಗೆ ಅರ್ಪಿಸಿದರು. ಆ ಅಮೆರಿಕೆಯಲ್ಲಿಯೂ ಬಿಡುಗಡೆಯ ಮುಂದಿನ ತೊಡಕು ನೀರಿನಲ್ಲಿಯೇ ಎದ್ದಿತು. 1919ರಲ್ಲಿ ಶಿಕಾಗೋದ ಸರೋವರದಲ್ಲಿ ಈಸುತ್ತಿದ್ದ ಕರಿಯ ಹುಡುಗನೊಬ್ಬ ಬಿಳಿಯರ ಪಾಲಿನ ನೀರಿನತ್ತ ತೇಲಿಹೋದುದಕ್ಕೆ ಕಲ್ಲೇಟಿಗೆ ಗುರಿಯಾಗಿ ಮುಳುಗಿ ಸತ್ತನು, ಊರಲ್ಲಿ ದಂಗೆಯೆದ್ದಿತು. ಅನಂತರದ ದಶಕಗಳಲ್ಲಿ ನಗರಸಭೆಗಳು ದೊಡ್ಡ ಈಜುಕೊಳಗಳನ್ನು ಕಟ್ಟಿ ಗಂಡುಹೆಣ್ಣುಗಳು ಒಟ್ಟಿಗೆ ಈಸತೊಡಗಿದಾಗ ಕರಿಯರ ಬಹಿಷ್ಕಾರ ಮತ್ತಷ್ಟು ಬಿಗಿಯಾಯಿತು. 1964ರ ಜೂನಿನಲ್ಲಿ ಫ್ಲಾರಿಡಾದ ಸೇಂಟ್ ಅಗಸ್ಟೀನಿನ ಒಂದು ವಸತಿಗೃಹದ ಕೊಳಕ್ಕೆ ಕರಿಯರೂ ಬಿಳಿಯರೂ ಕೂಡಿ ಇಳಿದಾಗ, ಅದರ ವ್ಯವಸ್ಥಾಪಕನು ಕೊಳ ತೊಳೆಯುವ ಆಮ್ಲವನ್ನು ನೀರಿಗೆ ಸುರಿದನು. ಮಹಾಡದ 108 ಕೊಡಗಳಿಗೂ ಈ ಆಮ್ಲದ ಡಬ್ಬಿಗೂ ಇರುವ ಅಂತರ ಬಹಳವಲ್ಲ.

ಅಮೆರಿಕೆಯ ಅನುಭವ ನಮಗೆ ಕಲಿಸುವುದು ಇನ್ನೊಂದಿದೆ. ಕಾನೂನು ಕೊಳಗಳನ್ನು ತೆರೆಯಿಸಿದೊಡನೆ ಬಿಳಿಯರು ಖಾಸಗಿ ಕೊಳಗಳಿಗೆ ಸರಿದರು. ಮಿಸಿಸಿಪಿಯ ಜಾಕ್ಸನ್ ನಗರವಂತೂ ತನ್ನ ಸಾರ್ವಜನಿಕ ಕೊಳಗಳನ್ನೇ ಮುಚ್ಚಿತು. ಎಲ್ಲರಿಗೂ ಸಮನಾಗಿ ಮುಚ್ಚಿದುದರಿಂದ ಸಮಾನತೆಗೆ ಭಂಗವಿಲ್ಲವೆಂದು 1971ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 5–4ರ ಬಹುಮತದಿಂದ ಹೇಳಿತು. ಈಜು ಕಲಿಯುವ ಸ್ಥಳವಿಲ್ಲದ ತಾಯಿತಂದೆಗಳ ಮಕ್ಕಳು ಈಜು ಕಲಿಯಲಿಲ್ಲ. 1999ರಿಂದ 2010ರ ವರೆಗಿನ ಅಲ್ಲಿಯ ಸರಕಾರಿ ಲೆಕ್ಕದಂತೆ, 5ರಿಂದ 19 ವಯಸ್ಸಿನ ಕರಿಯ ಮಕ್ಕಳು ಈಜುಕೊಳಗಳಲ್ಲಿ ಮುಳುಗಿ ಸಾಯುವ ಪ್ರಮಾಣವು ಬಿಳಿಯ ಮಕ್ಕಳದಕ್ಕಿಂತ 5 ಪಟ್ಟಿಗೂ ಮಿಗಿಲಾಗಿದ್ದಿತು. ಬಾಗಿಲ ಫಲಕವನ್ನು ಕಿತ್ತ ಅರ್ಧ ಶತಮಾನದ ಮೇಲೂ ಅದರ ಲೆಕ್ಕ ಚುಕ್ತಾ ಆಗಿಲ್ಲ.

ನಮ್ಮಲ್ಲಿ ಕೊಳ ಮುಚ್ಚುವ ಪ್ರಸಂಗ ಬರಲಿಲ್ಲ, ಏಕೆಂದರೆ ನಳ ಬಂದಿತು. 1879ರಲ್ಲಿ ಖಡಕವಾಸಲದ ಅಣೆಕಟ್ಟು ಮುಗಿದು, ಕ್ರಮೇಣ ಪುಣೆಯ ಮನೆಮನೆಗೂ ಕೊಳವೆಯ ನೀರು ಬಂದಂತೆ ಹೌದಗಳ ಬಳಕೆ ತಪ್ಪಿತು. ಹೆಸರುಗಳು ಮಾತ್ರ ಚೌಕಗಳಿಗೆ ಅಂಟಿಕೊಂಡು ಉಳಿದವು. ನಳವು ಜಾತಿ ಕೇಳುವುದಿಲ್ಲವೆಂದು ಸುಧಾರಕರು ಹಿಗ್ಗುವುದು ಸಹಜವೇ. ಆದರೆ ಒಂದೇ ಹೌದದಲ್ಲಿ ಕೊಡ ಮುಳುಗಿಸುವ ಪ್ರಶ್ನೆಯನ್ನು ನಳವು ಬಿಡಿಸಲಿಲ್ಲ, ಏಳದಂತೆ ಮಾಡಿತು ಅಷ್ಟೆ. ಎಲ್ಲರಿಗೂ ಒಂದೇ ತೊಟ್ಟಿಯಿರುವಲ್ಲಿ ಅದು ಮತ್ತೆ ಏಳುತ್ತದೆ. 2022ರ ನವೆಂಬರದಲ್ಲಿ ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರ ಗ್ರಾಮಕ್ಕೆ ಮದುವೆಗೆಂದು ಬಂದಿದ್ದ ದಲಿತ ಮಹಿಳೆಯೊಬ್ಬರು ಬೀದಿಯ ತೊಂಬೆಯ ನಲ್ಲಿಯಿಂದ ನೀರು ಕುಡಿದರು. ಆ ಬೀದಿಯವರು ತೊಂಬೆಯ ನೀರನ್ನೆಲ್ಲ ಹೊರಬಿಟ್ಟು, ಗೋಮೂತ್ರದಿಂದ ಅದನ್ನು ತೊಳೆದರು. ಸುದ್ದಿ ಹಬ್ಬಿದ ಮೇಲೆ ಅಧಿಕಾರಿಗಳು ಬಂದು, ಊರಿನ ದಲಿತರನ್ನು ಜೊತೆಗೆ ಕರೆದೊಯ್ದು, ಅಲ್ಲಿಯ ತೊಂಬೆಗಳ ನೀರನ್ನು ಅವರಿಂದ ಕುಡಿಸಿದರು.