644 ಅಂದರೆ ಎಷ್ಟು?

ಹಿರೇಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಹೋಗುವ ದಾರಿಯಲ್ಲಿ ನಮ್ಮ ಅಬ್ಬಾ ಅವರದು ಒಂದು ಸಣ್ಣ ಕಿರಾಣಿ ಅಂಗಡಿ. ಕಾರ್ಖಾನೆಗೆ ಹೋಗುವವರು ತಿಂಗಳಿಡೀ ಸಾಮಾನು ಒಯ್ದು ಸಂಬಳದ ದಿನ ಬಾಕಿ ತೀರಿಸುತ್ತಾರೆ. ಆ ಬಾಕಿ ಪುಸ್ತಕವನ್ನು ನಾನು ಮನೆಯ ಹಳೆಯ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಿದ್ದೆ. ಅದರಲ್ಲಿರುವುದು ಲಿನಕ್ಸ್. ಪ್ರೋಗ್ರಾಂ ನಾನೇ ಪೈಥಾನಿನಲ್ಲಿ ಬರೆದದ್ದು. ಅಂಗಡಿ ಲೆಕ್ಕಕ್ಕೆ ಒಂದು ಲಾಗಿನ್, ತಮ್ಮನ ಆಟಕ್ಕೆ ಇನ್ನೊಂದು. ಲೆಕ್ಕದ ಫೈಲ್ ಇದ್ದದ್ದು ಇಬ್ಬರಿಗೂ ತೆರೆದಿರುವ ಫೋಲ್ಡರಿನಲ್ಲಿ.

ತಮ್ಮ ಅದನ್ನು ಕೆಡಿಸಬಾರದು ಎಂದು ಒಂದು ರಾತ್ರಿ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. ಫೈಲಿನ ಅನುಮತಿ ಬದಲಿಸುವ ‘ಚ್‌ಮೋಡ್’ ಫಂಕ್ಷನ್‌ಗೆ 644 ಎಂದು ಕೊಟ್ಟೆ. ಮಾರನೆಯ ದಿನವೇ ಸಂಬಳದ ದಿನ. ಅಂಗಡಿ ಮುಂದೆ ಜನ ನಿಂತಿರುವಾಗ ಅಬ್ಬಾ ಫೋನ್ ಮಾಡಿದರು: “ಬೇಟಾ, ಹಿಸಾಬ್ ಖುಲ್‌ರಾ ನೈ.” ಲೆಕ್ಕ ತೆರೆಯುತ್ತಿಲ್ಲ! ವಿಚಿತ್ರವೆಂದರೆ ಹೊಸ ಬಾಕಿ ಬರೆದರೆ ಸೇರುತ್ತಿತ್ತು, ಹಳೆಯದು ಮಾತ್ರ ಕಾಣುತ್ತಿರಲಿಲ್ಲ. ಅತ್ತ ತಮ್ಮನ ಲಾಗಿನ್‌ನಲ್ಲಿ ಯಾರ ಬಾಕಿ ಎಷ್ಟು ಎಂಬುದೆಲ್ಲ ಕಾಣುತ್ತಿತ್ತು. ಅಂದರೆ ಯಜಮಾನರಿಗೆ ಬೀಗ, ಉಳಿದವರಿಗೆ ಬಾಗಿಲು.

ಏಕೆ ಹೀಗಾಯಿತು? ಮೊದಲು 644 ಎಲ್ಲಿಂದ ಬಂತು ನೋಡೋಣ. ಲಿನಕ್ಸ್‌ನಲ್ಲಿ ಪ್ರತಿ ಫೈಲಿಗೂ ಮೂರು ಬಗೆಯ ಜನ: ಮಾಲೀಕ, ಅವನ ಗುಂಪು, ಇತರರು. ಪ್ರತಿಯೊಬ್ಬರಿಗೂ ಮೂರು ಅನುಮತಿ: ಓದಲು 4, ಬರೆಯಲು 2, ಪ್ರೋಗ್ರಾಂ ಆಗಿ ನಡೆಸಲು 1. ಬೇಕಾದವನ್ನು ಕೂಡಿಸಬೇಕು, ಅಷ್ಟೇ. 6 ಎಂದರೆ 4 ಮತ್ತು 2, ಓದಬಹುದು, ಬರೆಯಬಹುದು. ಆದ್ದರಿಂದ 644 ಎಂದರೆ ಮಾಲೀಕ ಓದಿ ಬರೆಯಬಹುದು, ಗುಂಪಿನವರು ಮತ್ತು ಇತರರು ಓದಬಹುದು. ಒಂದೊಂದು ಅಂಕಿಯ ಗರಿಷ್ಠ ಬೆಲೆ 7. ಹಾಗಾಗಿ ಇದು ನಮ್ಮ ದಿನಬಳಕೆಯ ದಶಮಾಂಶ ಸಂಖ್ಯೆಯಲ್ಲ, ಎಂಟರ ಆಧಾರದ ಸಂಖ್ಯೆ, ಅಂದರೆ ಆಕ್ಟಲ್.

ನಾನು ತಪ್ಪಿದ್ದು ಇಲ್ಲೇ. ಪೈಥಾನಿನಲ್ಲಿ ಆಕ್ಟಲ್ ಸಂಖ್ಯೆಗೆ ಮುಂದೆ ಒಂದು ಸೊನ್ನೆ, ಅದರ ಪಕ್ಕ ಇಂಗ್ಲಿಷಿನ ಓ ಅಕ್ಷರ ಬರೆಯಬೇಕು. ನಾನು ಬರಿಯ 644 ಬರೆದೆ. ಪೈಥಾನ್ ಅದನ್ನು ಆರುನೂರ ನಲವತ್ತನಾಲ್ಕು ಎಂದೇ ತಿಳಿಯಿತು. ಅದನ್ನು ಎಂಟರಿಂದ ಭಾಗಿಸುತ್ತಾ ಹೋಗಿ ಆಕ್ಟಲ್‌ಗೆ ತಿರುಗಿಸಿದರೆ 1204. ಮೊದಲ 1 ಒಂದು ವಿಶೇಷ ಗುರುತು, ಸಾಮಾನ್ಯ ಫೈಲಿಗೆ ಲಿನಕ್ಸ್ ಅದನ್ನು ಲೆಕ್ಕಿಸುವುದಿಲ್ಲ. ಉಳಿದದ್ದು 204. ಮಾಲೀಕನಿಗೆ 2, ಬರೆಯಬಹುದು, ಓದುವಂತಿಲ್ಲ. ಗುಂಪಿಗೆ 0. ಇತರರಿಗೆ 4, ಓದಬಹುದು. ನಮ್ಮ ಅಂಗಡಿಯಲ್ಲಿ ಆದದ್ದು ಅಕ್ಷರಶಃ ಇದೇ.

ಇದು ಗೊತ್ತಾದದ್ದು ‘ಸ್ಟ್ಯಾಟ್’ ಫಂಕ್ಷನ್‌ನಿಂದ. ಅದು ಕೊಡುವ ವಿವರಗಳಲ್ಲಿ ‘ಎಸ್‌ಟಿ ಮೋಡ್’ ಎಂಬ ಸಂಖ್ಯೆ ಇರುತ್ತದೆ. ನನಗೆ ಸಿಕ್ಕಿದ್ದು 33412. ನೋಡಿದರೆ ಯಾವುದೋ ಖಾತೆಯ ಮೊತ್ತದಂತೆ ಇದೆ! ‘ಆಕ್ಟ್’ ಫಂಕ್ಷನ್‌ಗೆ ಕೊಟ್ಟಾಗ 101204 ಎಂದು ಬಂತು. ಈ ಒಂದೇ ಸಂಖ್ಯೆಯಲ್ಲಿ ಎರಡು ಪ್ರಶ್ನೆಗೆ ಉತ್ತರವಿದೆ. ಕೊನೆಯ ನಾಲ್ಕು ಅಂಕಿ ಅನುಮತಿ ಹೇಳುತ್ತವೆ. ಅದರ ಹಿಂದಿನದು ಇದು ಯಾವ ಬಗೆ ಎಂದು ಹೇಳುತ್ತದೆ: 10 ಇದ್ದರೆ ಸಾಮಾನ್ಯ ಫೈಲ್, 4 ಇದ್ದರೆ ಫೋಲ್ಡರ್. ಸರಿಯಾದ 644 ಇರುವ ಫೈಲಿಗೆ 33188 ಬರುತ್ತದೆ, ಆಕ್ಟಲ್‌ನಲ್ಲಿ 100644. ಅನುಮತಿ 755 ಇರುವ ಫೋಲ್ಡರಿಗೆ 16877, ಆಕ್ಟಲ್‌ನಲ್ಲಿ 40755. ಫೋಲ್ಡರಿಗೆ 1 ಎಂದರೆ ಒಳಗೆ ಹೋಗಲು ಅನುಮತಿ.

ಈ ಪದ್ಧತಿ ಹೊಸದಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ರೂಪಿಸಿದ ಯುನಿಕ್ಸ್‌ನ 1971ರ ಕೈಪಿಡಿಯಲ್ಲೇ ಚ್‌ಮೋಡ್ ಇದೆ. ಸಿ ಭಾಷೆಯಲ್ಲಿ ಮುಂದೆ ಬರಿಯ ಸೊನ್ನೆ ಹಾಕಿದರೆ ಆಕ್ಟಲ್. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಹಾಗೆ 0644 ಎಂದು ಬರೆದರೆ ತಪ್ಪು ಎಂದು ಹೇಳುತ್ತದೆ. ಆದರೆ ಬರಿಯ 644 ಬರೆದರೆ ಏನೂ ಹೇಳದೆ ಒಪ್ಪಿಕೊಳ್ಳುತ್ತದೆ.

ಸರಿಪಡಿಸುವುದು ಕಷ್ಟವಾಗಲಿಲ್ಲ. ಓದುವ ಅನುಮತಿ ಇಲ್ಲದಿದ್ದರೂ ಅನುಮತಿ ಬದಲಿಸುವ ಅಧಿಕಾರ ಮಾಲೀಕನಿಗೆ ಇದ್ದೇ ಇರುತ್ತದೆ. ಸೊನ್ನೆ ಮತ್ತು ಓ ಸೇರಿಸಿ ಮತ್ತೆ 644 ಬರೆಯಲು ಹೋದೆ. ಆಗ ಕೈ ನಿಂತಿತು. ಸರಿಯಾದ 644 ಇದ್ದರೂ ತಮ್ಮ ಎಲ್ಲರ ಬಾಕಿ ಓದಬಹುದಲ್ಲವೇ? ಯಾರು ಎಷ್ಟು ಕೊಡಬೇಕು ಎಂಬುದು ಆ ಗಿರಾಕಿ ಮತ್ತು ಅಬ್ಬಾ ನಡುವಿನ ಮಾತು. ಅವರು ನಮ್ಮನ್ನು ನಂಬಿ ಹೆಸರು ಬರೆಸಿದ್ದಾರೆ, ಅದು ಅಮಾನತ್. ಹಾಗಾಗಿ 600 ಹಾಕಿದೆ. ಮಾಲೀಕ ಓದಬಹುದು, ಬರೆಯಬಹುದು. ಬೇರೆಯವರಿಗೆ ಏನೂ ಇಲ್ಲ. ಪುಸ್ತಕದಲ್ಲಿದ್ದ ಸಂಖ್ಯೆಯನ್ನು ನಾನು ಯೋಚಿಸದೆ ನಕಲು ಮಾಡಿದ್ದೇ ಮೊದಲ ತಪ್ಪು, ಸೊನ್ನೆ ಮರೆತದ್ದು ಎರಡನೆಯದು.

ನೀವೂ ಮಾಡಿ ನೋಡುವುದಾದರೆ ಒಂದು ಮಾತು. ವಿಂಡೋಸ್‌ನಲ್ಲಿ ಪೈಥಾನಿನ ಚ್‌ಮೋಡ್ ‘ಓದಲು ಮಾತ್ರ’ ಎಂಬ ಗುರುತನ್ನಷ್ಟೇ ಬದಲಿಸುತ್ತದೆ, ಪೂರ್ತಿ ಪ್ರಯೋಗಕ್ಕೆ ಲಿನಕ್ಸ್ ಬೇಕು. ಮೊದಲು ಖಾಲಿ ಫೈಲಿನ ಮೇಲೆ ಪ್ರಯತ್ನಿಸಿ, ಚ್‌ಮೋಡ್ ಆದ ಕೂಡಲೇ ಸ್ಟ್ಯಾಟ್ ಮಾಡಿ ಆಕ್ಟಲ್‌ನಲ್ಲಿ ತಾಳೆ ನೋಡಿ. ಅಕೌಂಟೆನ್ಸಿಯಲ್ಲಿ ನಾವು ಎರಡೂ ಬದಿ ತಾಳೆ ನೋಡುವುದಿಲ್ಲವೇ, ಹಾಗೆ. ಸಂಬಳದ ದಿನದ ಹಿಂದಿನ ರಾತ್ರಿ ಮಾತ್ರ ಅಂಗಡಿಯ ಪ್ರೋಗ್ರಾಂ ಮುಟ್ಟಬೇಡಿ.