ಮಡಿಲಲ್ಲಿ ಕೂಸು, ಹೆಗಲಿಗೆ ತಂಬೂರಿ

ಪ್ರತಿ ವರ್ಷ ಮೇ ತಿಂಗಳಲ್ಲಿ ಸಾಂಗೆ ತಾಲೂಕಿನ ಸಾಳಾವಲಿ ಜಲಾಶಯದ ನೀರು ತಗ್ಗಿದಾಗ, ಕೆಸರಿನ ನಡುವಿನಿಂದ ಒಂದು ಊರು ಮೇಲೆದ್ದು ಬರುತ್ತದೆ. ಮನೆಗಳ ತಳಪಾಯ, ತುಳಸಿಕಟ್ಟೆಯ ಕಲ್ಲು, ಒಣಗಿ ನಿಂತ ಮರದ ಬೊಡ್ಡೆ, ಸೋಮೇಶ್ವರನ ಗುಡಿ. ಆ ಊರಿನ ಹೆಸರು ಕುರ್ಡಿ. ಅಣೆಕಟ್ಟಿಗಾಗಿ 1980ರ ದಶಕದಲ್ಲಿ ಇಲ್ಲಿಯ ಜನ ಮನೆಮಠ ಬಿಟ್ಟು ಬೇರೆಡೆಗೆ ಹೋದರು. ವಾಸ್ಕೋ, ಮಡಗಾಂವ ಮೊದಲಾದ ದಕ್ಷಿಣ ಗೋವೆಯ ಊರುಗಳಲ್ಲಿ ನಾವು ದಿನ ಬೆಳಗಾದರೆ ಕೊಡಕ್ಕೆ ಹಿಡಿಯುವ ನೀರು ಈ ಜಲಾಶಯದ್ದು. ನೀರು ಹಿಡಿಯುವ ನಮ್ಮ ತಾಯಂದಿರಿಗೆ ಆ ನೀರಿನಡಿಯ ಊರಿನಲ್ಲಿ ಹುಟ್ಟಿದ ಇನ್ನೊಬ್ಬ ತಾಯಿಯ ಕಥೆಯನ್ನು ಹೇಳಬೇಕೆಂದು ಬಹುದಿನಗಳಿಂದ ಮನಸ್ಸಿನಲ್ಲಿತ್ತು.

ಮೋಗೂಬಾಯಿ ಕುರ್ಡೀಕರ್ ಅವರು ಹುಟ್ಟಿದ್ದು 1904ರ ಜುಲೈ 15ರಂದು. ಹೆಸರಿನಲ್ಲಿಯೇ ಊರಿದೆ, ಊರು ಮುಳುಗಿದರೂ ಹೆಸರು ಉಳಿಯಿತು. ತಾಯಿ ಜಯಶ್ರೀಬಾಯಿಗೆ ಮಗಳು ದೊಡ್ಡ ಗಾಯಕಿಯಾಗಬೇಕೆಂಬ ಹಂಬಲ. ಎಳೆಯ ಮಗುವನ್ನು ಜಾಂಬಾವಲಿಯ ದೇವಸ್ಥಾನದಲ್ಲಿ ಹಾಡು ಕಲಿಯಲು ಬಿಟ್ಟು, ಆಮೇಲೆ ಒಂದು ನಾಟಕ ಮಂಡಳಿಗೆ ಸೇರಿಸಿದಳು. ಹುಡುಗಿಗೆ ಹತ್ತು ತುಂಬುವ ಹೊತ್ತಿಗೆ ತಾಯಿಯೇ ತೀರಿಕೊಂಡಳು. ಅಲ್ಲಿಂದ ಮುಂದೆ ನಾಟಕದ ಬಿಡಾರವೇ ಮನೆ. ಕಾಯಿಲೆ ಬಿದ್ದು ಚಿಕಿತ್ಸೆಗಾಗಿ ಸಾಂಗಲಿಗೆ ಬಂದಾಗ ಆಕೆಗೆ ಹದಿನೈದರ ಪ್ರಾಯ. ಅಲ್ಲಿ ದಿನವೂ ಬಾಗಿಲ ಬಳಿ ಹಾದು ಹೋಗುವಾಗ ಈ ಹುಡುಗಿಯ ಅಭ್ಯಾಸವನ್ನು ಕೇಳುತ್ತಿದ್ದ ಹಿರಿಯರೊಬ್ಬರು ಒಂದು ದಿನ ಒಳಗೇ ಬಂದು ಪಾಠ ಹೇಳತೊಡಗಿದರಂತೆ. ಅವರು ಯಾರೆಂದು ಹುಡುಗಿಗೆ ಗೊತ್ತಿರಲಿಲ್ಲ. ಅವರು ಜೈಪುರ ಘರಾಣೆಯ ಮೂಲಪುರುಷರಾದ ಉಸ್ತಾದ್ ಅಲ್ಲಾದಿಯಾ ಖಾನರು!

ನಮ್ಮ ಓದುಗರಿಗೆ ಈ ಘರಾಣೆ ಅಪರಿಚಿತವೇನಲ್ಲ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಕಲಿತದ್ದು ಇದೇ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನರ ಬಳಿ. ಹೀಗಾಗಿ ಕುರ್ಡಿಯ ಮೋಗೂಬಾಯಿ ಮತ್ತು ಧಾರವಾಡದ ಮನ್ಸೂರರು ಸಂಗೀತದ ನೆಂಟಸ್ತಿಕೆಯಲ್ಲಿ ಒಂದೇ ಮನೆಯವರು.

ಆದರೆ ಸಾಂಗಲಿಯ ಆ ಭಾಗ್ಯ ಹೆಚ್ಚು ಕಾಲ ನಿಲ್ಲಲಿಲ್ಲ. ಖಾನರು ಮುಂಬಯಿಗೆ ಹೊರಟುಹೋದರು. ಬೆನ್ನ ಹಿಂದೆಯೇ ಮೋಗೂಬಾಯಿಯೂ ಹೋದರು. ಅಲ್ಲಿ ಹತ್ತಾರು ಅಡ್ಡಿ ಆತಂಕಗಳು ಎದುರಾಗಿ, ನಡುವೆ ಆಗ್ರಾ ಘರಾಣೆಯವರ ಬಳಿ, ಆಮೇಲೆ ಖಾನರ ತಮ್ಮ ಹೈದರ್ ಖಾನರ ಬಳಿ ಕಲಿಯಬೇಕಾಯಿತು. ಕೊನೆಗೆ ಅಲ್ಲಾದಿಯಾ ಖಾನರೇ ಶಿಷ್ಯೆಯ ಮುಂಗೈಗೆ ದಾರ ಕಟ್ಟಿ ವಿಧಿಪೂರ್ವಕವಾಗಿ ಸ್ವೀಕರಿಸಿದ್ದು 1934ರಲ್ಲಿ.

ಈ ವರ್ಷವನ್ನು ಓದುಗರು ನೆನಪಿನಲ್ಲಿಡಬೇಕು. ಏಕೆಂದರೆ ಮೋಗೂಬಾಯಿಯ ಚೊಚ್ಚಲ ಮಗಳು ಕಿಶೋರಿ ಹುಟ್ಟಿದ್ದು 1932ರ ಏಪ್ರಿಲ್ 10ರಂದು. ಅಂದರೆ ದಶಕಕ್ಕೂ ಮಿಕ್ಕಿ ಕಾದ ಗುರು ದೊರೆತಾಗ ಮನೆಯಲ್ಲಿ ಎರಡು ವರ್ಷದ ಕೂಸು. ಮುಂದೆ ಲಲಿತಾ ಮತ್ತು ಉಲ್ಹಾಸ್ ಎಂಬ ಇನ್ನಿಬ್ಬರು ಮಕ್ಕಳಾದರು. ಖಾನರ ಗಾಯಕಿಯೋ ಸುಲಭದ್ದಲ್ಲ. ಅಪರೂಪದ ಜೋಡು ರಾಗಗಳು, ಉಸಿರು ಬಿಡಲೂ ಎಡೆಗೊಡದ ಸುತ್ತುಬಳಸಿನ ತಾನಗಳು. ಗಂಟೆಗಟ್ಟಲೆ ಸಾಧನೆ ಮಾಡದೆ ಅದು ಕಂಠಕ್ಕೆ ಇಳಿಯುವಂಥದ್ದಲ್ಲ. ಕೈಗೂಸಿರುವ ಮನೆಯಲ್ಲಿ ಗಂಟೆಗಟ್ಟಲೆ ಎಂಬ ಮಾತಿಗೆ ಏನು ಅರ್ಥವೆಂದು ಹೆತ್ತವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಂಗೀತದ ಚರಿತ್ರೆ ಬರೆಯುವವರು ದಾರ ಕಟ್ಟಿದ ದಿನವನ್ನು ಬರೆಯುತ್ತಾರೆ, ಆ ದಿನ ಮಗುವನ್ನು ಯಾರು ನೋಡಿಕೊಂಡರೆಂದು ಬರೆಯುವುದಿಲ್ಲ.

ಕಿಶೋರಿಗೆ ಆರೇಳು ವರ್ಷವಾಗಿದ್ದಾಗ ತಂದೆ ಮಾಧವದಾಸ ಭಾಟಿಯಾ ಅವರು ತೀರಿಕೊಂಡರು. ಮೂವರು ಮಕ್ಕಳ ಹೊಟ್ಟೆಬಟ್ಟೆ, ಶಾಲೆ, ಮುಂಬಯಿಯ ಖರ್ಚು ಎಲ್ಲವೂ ಒಂದು ಕಂಠದ ಮೇಲೆ ಬಿತ್ತು. ಕಚೇರಿ ಎಲ್ಲಿ ದೊರೆತರೂ ಹೋಗಬೇಕು. ಮುಂದೆ ಕಿಶೋರಿಯವರು ತಮ್ಮ ಸಂದರ್ಶನಗಳಲ್ಲಿ ಆ ಪ್ರಯಾಣಗಳನ್ನು ಕಹಿಯಾಗಿಯೇ ನೆನೆಯುತ್ತಿದ್ದರು. ಮೂರನೆಯ ದರ್ಜೆಯ ರೈಲು ಡಬ್ಬಿ, ತಾಯಿಯ ಹಿಂದೆ ತಂಬೂರಿ ಹಿಡಿದು ಕುಳಿತ ಹುಡುಗಿ, ಕರೆಸಿದವರು ಕೊಡುತ್ತಿದ್ದ ಅಲ್ಪ ಸಂಭಾವನೆ, ಅದಕ್ಕಿಂತಲೂ ಅಲ್ಪವಾದ ಗೌರವ. ದೊಡ್ಡವರಾದ ಮೇಲೆ ಕಿಶೋರಿ ಅಮೋನ್ಕರ್ ಅವರು ಸಭೆಯಲ್ಲಿ ಗದ್ದಲವಾದರೆ ಸಿಡುಕುತ್ತಿದ್ದರು, ವ್ಯವಸ್ಥೆ ಸರಿಯಿಲ್ಲದಿದ್ದರೆ ಹಾಡಲು ಒಪ್ಪುತ್ತಿರಲಿಲ್ಲ. ಅದನ್ನು ಅಹಂಕಾರವೆಂದವರು ಬಹಳ. ಅದು ತಾಯಿಯ ಹಿಂದೆ ಕುಳಿತಿದ್ದ ಆ ಹುಡುಗಿಯ ಸಿಟ್ಟು ಎಂದು ನನಗೆ ತೋರುತ್ತದೆ. ಮಕ್ಕಳು ನಮ್ಮ ಕೆಲಸವನ್ನು ನೋಡುತ್ತಾರೆ. ಆ ಕೆಲಸದಲ್ಲಿ ನಮ್ಮನ್ನು ಇತರರು ಹೇಗೆ ನಡೆಸಿಕೊಳ್ಳುತ್ತಾರೆಂಬುದನ್ನೂ ನೋಡುತ್ತಾರೆ.

ಮನೆಯಲ್ಲಿ ಮೋಗೂಬಾಯಿ ತಾಯಿಯಾಗಿ ಎಷ್ಟು ಮೃದುವಾಗಿದ್ದರೋ ತಿಳಿಯದು, ಗುರುವಾಗಿ ಮಾತ್ರ ಬಲು ಬಿಗಿ. ಸ್ಥಾಯಿ ಅಂತರಾಗಳನ್ನು ಎರಡು ಸಲ ಹಾಡಿ ತೋರಿಸುತ್ತಿದ್ದರು, ಮೂರನೆಯ ಸಲ ಇಲ್ಲ. ಅಷ್ಟರಲ್ಲೇ ಮಗಳು ಹಿಡಿದಿಟ್ಟುಕೊಳ್ಳಬೇಕು. ಮಗಳಿಗೆ ತಮ್ಮದಷ್ಟೇ ಸಾಲದೆಂದು ಬೇರೆ ಘರಾಣೆಯ ಗುರುಗಳ ಬಳಿಗೂ ಕಳಿಸಿದರು. ಅವರಲ್ಲಿ ಗೋವೆಯ ಮೂಲದವರೇ ಆದ ಅಂಜನೀಬಾಯಿ ಮಾಲ್ಪೇಕರ್ ಒಬ್ಬರು. ಹೀಗೆ ಮಗಳನ್ನು ಇತರರ ಕೈಗೆ ಒಪ್ಪಿಸುವುದಕ್ಕೆ ಗುರುವಿಗೂ ತಾಯಿಗೂ ದೊಡ್ಡ ಮನಸ್ಸು ಬೇಕು.

ಇನ್ನು ನಮ್ಮ ಹುಬ್ಬಳ್ಳಿಯ ಕಡೆಗೆ ತಿರುಗೋಣ. ಮೋಗೂಬಾಯಿ ಮುಂಬಯಿಯಲ್ಲಿ ಗುರುವಿಗಾಗಿ ಕಾದಿದ್ದ ವರ್ಷಗಳಲ್ಲೇ ಹುಬ್ಬಳ್ಳಿಯಲ್ಲೊಬ್ಬ ಎಳೆಯ ತಾಯಿ ಇಂಥದೇ ಬದುಕನ್ನು ಬದುಕುತ್ತಿದ್ದಳು.

ಗಂಗೂಬಾಯಿ ಹಾನಗಲ್ ಅವರು 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಹುಟ್ಟಿದರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳಿಗೆ ಹಿಂದೂಸ್ಥಾನಿ ಸಂಗೀತ ಕಲಿಸಬೇಕೆಂದು 1928ರಲ್ಲಿ ಕುಟುಂಬ ಹುಬ್ಬಳ್ಳಿಗೆ ಬಂದಿತು. ಹಾಡುವ ಹೆಂಗಸರ ಮನೆಯವರೆಂದು ಬೀದಿಯಲ್ಲಿ ಕೇಳಬೇಕಾಗಿದ್ದ ಮಾತುಗಳನ್ನು ಅವರು ತಮ್ಮ ಆತ್ಮಕಥೆಯಲ್ಲಿ ಮರೆಮಾಚಿಲ್ಲ. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಈಕೆಯೂ ಒಬ್ಬಳು; ಹಾಡು ಮುಗಿದ ಮೇಲೆ ಊಟದ ಎಲೆ ಎತ್ತಲು ಹೇಳುವರೋ ಏನೋ ಎಂಬ ಭಯ ಆ ಹನ್ನೊಂದು ವರ್ಷದ ಹುಡುಗಿಯನ್ನು ಕಾಡಿತ್ತು.

ಹದಿನಾರರ ಹರೆಯದಲ್ಲಿ ವಕೀಲರಾದ ಗುರುರಾವ್ ಕೌಲಗಿಯವರೊಡನೆ ಸಂಸಾರ ಆರಂಭವಾಯಿತು. ಮಗಳು ಕೃಷ್ಣಾ, ಗಂಡುಮಕ್ಕಳು ನಾರಾಯಣ ಮತ್ತು ಬಾಬು. 1932ರಲ್ಲಿ ತಾಯಿ ಅಂಬಾಬಾಯಿ ಹೋದರು. ಹತ್ತೊಂಬತ್ತರ ಮಗಳ ಕೈಯಲ್ಲಿ ಪುಟ್ಟ ಮಗು. ಮನೆಗೆ ಆಸರೆಯಾಗಿ ನಿಂತವರು ಸೋದರಮಾವ ರಾಮಣ್ಣನವರು. ಸಂಗೀತಗಾರರ ಬದುಕಿನಲ್ಲಿ ಇಂಥ ಮಾವಂದಿರ ಹೆಸರು ಸಣ್ಣ ಅಕ್ಷರದಲ್ಲಿ ಇರುತ್ತದೆ. ಅವರಿಲ್ಲದಿದ್ದರೆ ದೊಡ್ಡ ಅಕ್ಷರದ ಹೆಸರೂ ಇರುತ್ತಿರಲಿಲ್ಲ.

ಆ ದಿನಗಳಲ್ಲೇ ಗ್ರಾಮೋಫೋನ್ ಬಂದಿತು. ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯವರಿಗಾಗಿ ಈ ಎಳೆಯ ತಾಯಿ ಮುಂಬಯಿಗೆ ಹೋಗಿ ಹಾಡಿದಳು. ರೆಕಾರ್ಡಿನ ಮೇಲೆ ಅಚ್ಚಾದ ಹೆಸರು ‘ಗಾಂಧಾರಿ’. ಇಂದು ಮನೆಯ ಮೂಲೆಯಲ್ಲಿ ಮಗುವನ್ನು ಮಲಗಿಸಿ, ಮೊಬೈಲಿನಲ್ಲೇ ಹಾಡು ಹಿಡಿದು, ತಪ್ಪಾದ ಕಡೆ ಕತ್ತರಿಸಿ ಜೋಡಿಸುವವರಿಗೆ ಅಂದಿನ ಸ್ಟುಡಿಯೋದ ಶಿಸ್ತು ಊಹೆಗೂ ನಿಲುಕದು. ಹತ್ತು ಅಂಗುಲದ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಬದಿಗೆ ಹಿಡಿಸುತ್ತಿದ್ದುದು ಮೂರು, ಮೂರೂವರೆ ನಿಮಿಷ. ಹಾಡು ನೇರವಾಗಿ ಮೇಣದ ಮೇಲೆ ಗೀರಾಗಿ ಕೂರುತ್ತಿತ್ತು. ನಡುವೆ ಕೆಮ್ಮಿದರೆ ಮೇಣ ದಂಡ, ಮತ್ತೆ ಮೊದಲಿನಿಂದ. ಮನೆಯಲ್ಲಿ ಗಂಟೆಗಟ್ಟಲೆ ಅರಳಿಸುವ ರಾಗವನ್ನು ಮೂರು ನಿಮಿಷದ ಡಬ್ಬಿಗೆ ತುಂಬಬೇಕು; ಆಲಾಪದಲ್ಲಿ ಎಷ್ಟು ಬಿಡುವುದು, ತಾನ ಎಲ್ಲಿಂದ ಎತ್ತಿಕೊಳ್ಳುವುದು ಎಂದು ಮೊದಲೇ ಎಣಿಸಿಕೊಂಡಿರಬೇಕು. ಆ ಕಾಲದ ಗಂಗೂಬಾಯಿಯ ದನಿ ತೆಳ್ಳಗೆ, ಎತ್ತರ. ನಮಗೆಲ್ಲ ಪರಿಚಿತವಾದ ಆ ಗಂಭೀರ ಗಂಡುದನಿ ಬಂದದ್ದು ಆಮೇಲೆ, ಗಂಟಲಿನ ಚಿಕಿತ್ಸೆಯ ನಂತರ. ಹಾಗಾಗಿ ‘ಗಾಂಧಾರಿ’ಯ ಹಳೆಯ ತಟ್ಟೆಯನ್ನು ಮೊದಲ ಸಲ ಕೇಳಿದವರಿಗೆ ಇದು ಯಾರೋ ಬೇರೆ ಹುಡುಗಿ ಎನಿಸುತ್ತದೆ.

ರೆಕಾರ್ಡುಗಳಿಂದ ಹೆಸರು ಬಂದಿತ್ತು. ಅಷ್ಟಕ್ಕೇ ನಿಲ್ಲಿಸಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ನಾಟಕ ಕಂಪನಿಗಳ ತಿರುಗಾಟ ಮುಗಿಸಿ ಸವಾಯಿ ಗಂಧರ್ವರು ಕುಂದಗೋಳದಲ್ಲಿ ನೆಲೆಸಿದಾಗ, ಮಕ್ಕಳೊಂದಿಗರಾದ ಗಂಗೂಬಾಯಿ ಮತ್ತೆ ವಿದ್ಯಾರ್ಥಿನಿಯಾದರು. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳ, ಅಲ್ಲಿ ಪಾಠ, ಮತ್ತೆ ರೈಲಿನಲ್ಲೇ ಹುಬ್ಬಳ್ಳಿ. ಜಿಪುಣನು ಹಣವನ್ನು ಎಣಿಸಿ ಎಣಿಸಿ ಬಿಚ್ಚುವಂತೆ ಸ್ವರಗಳನ್ನು ಬಳಸಬೇಕೆಂದು ಗುರುಗಳು ಕಲಿಸಿದರೆಂದು ಅವರು ಮುಂದೆ ಹೇಳುತ್ತಿದ್ದರು. ಸಮಯದ ವಿಷಯದಲ್ಲಿ ಆ ಜಿಪುಣತನ ಅವರಿಗೆ ಮೊದಲೇ ಬಂದಿರಬೇಕು. ಸಂಜೆಯ ಅಡುಗೆ, ರೈಲಿನ ವೇಳೆ, ಮಕ್ಕಳ ನಿದ್ದೆ, ಇವುಗಳ ನಡುವೆ ಉಳಿದ ಹೊತ್ತಿನಲ್ಲಿ ಕಿರಾನಾ ಘರಾಣೆಯ ಅಷ್ಟು ದೊಡ್ಡ ಗಾಯಕಿ ರೂಪುಗೊಂಡಳು.

ಮೋಗೂಬಾಯಿಯ ಮಗಳಿಗೂ ಗಂಗೂಬಾಯಿಯ ಮಗಳಿಗೂ ಬಾಲ್ಯದ ಆಟದ ಜಾಗ ತಾಯಿಯ ತಂಬೂರಿಯ ಹಿಂಬದಿ. ಅಲ್ಲಿಂದ ಮುಂದೆ ದಾರಿ ಕವಲೊಡೆಯಿತು. ಕೃಷ್ಣಾ ಹಾನಗಲ್ ಅವರು ಜೀವನವಿಡೀ ತಾಯಿಯ ಪಕ್ಕದಲ್ಲೇ ಕುಳಿತರು. ತಾಯಿಯ ದಪ್ಪ ದನಿ ನಿಂತ ಕಡೆ ಮಗಳ ಎತ್ತರದ ದನಿ ಎತ್ತಿಕೊಳ್ಳುವ ಆ ಜೋಡಿಯನ್ನು ಕೇಳಿದವರು ಮರೆತಿಲ್ಲ. ಸ್ವತಃ ಸಮರ್ಥ ಗಾಯಕಿ. ಆದರೆ ಸಹಗಾಯನಕ್ಕೇ ಹೆಚ್ಚಾಗಿ ಹೆಸರಾದರು. ಅದು ಅವರ ಆಯ್ಕೆಯೋ ಕಟ್ಟುಪಾಡೋ, ಹೊರಗಿನವರಾದ ನಾವು ತೀರ್ಪು ಹೇಳಲಾಗದು.

ಕಿಶೋರಿಯವರದು ಬೇರೆ ಹಾದಿ. ಶಾಲಾ ಶಿಕ್ಷಕರಾದ ರವೀಂದ್ರ ಅಮೋನ್ಕರ್ ಅವರನ್ನು ಮದುವೆಯಾಗಿ ಇಬ್ಬರು ಗಂಡುಮಕ್ಕಳ ತಾಯಿಯಾದರು. ಯೌವನದಲ್ಲೇ ಒಮ್ಮೆ ಕಂಠ ಕೈಕೊಟ್ಟು, ಬಹುಕಾಲ ಮನಸ್ಸಿನಲ್ಲೇ ಹಾಡಿಕೊಂಡು ಕಳೆಯಬೇಕಾಯಿತು. ಆ ಮೌನದ ದಿನಗಳಲ್ಲಿ ರಾಗವನ್ನು ಕುರಿತು ಮಾಡಿದ ಚಿಂತನೆ ಅವರ ಗಾಯನದ ದಿಕ್ಕನ್ನೇ ತಿರುಗಿಸಿತು. ಹೊಸ ಬಂದಿಶ್‌ಗಳನ್ನು ಕಟ್ಟಿದರು, ಭಕ್ತಿಗೀತೆಗಳಿಗೆ ಸ್ವರ ಹಾಕಿದರು. ತಾಯಿ ಕಲಿಸಿದ ಘರಾಣೆಯ ಗೆರೆಯನ್ನು ದಾಟಿ ಭಾವಕ್ಕೆ ಮೊದಲ ಮಣೆ ಹಾಕಿದರು. 1964ರ ‘ಗೀತ್ ಗಾಯಾ ಪತ್ಥರೋಂ ನೇ’ ಚಿತ್ರಕ್ಕೆ ಹಾಡಿದಾಗ ತಾಯಿಗೆ ಸರಿಬೀಳಲಿಲ್ಲ. ಸಿನಿಮಾಕ್ಕೆ ಹಾಡುವುದಾದರೆ ತನ್ನ ಎರಡು ತಂಬೂರಿಗಳನ್ನು ಮತ್ತೆಂದೂ ಮುಟ್ಟಕೂಡದೆಂದು ಮೋಗೂಬಾಯಿ ಎಚ್ಚರಿಸಿದರಂತೆ. ಮನೆ, ಆಸ್ತಿ, ಒಡವೆ ಯಾವುದರ ಮಾತೂ ಬರಲಿಲ್ಲ. ತಂಬೂರಿಯ ಮಾತು ಬಂದಿತು. ಮಗಳಿಗೆ ಅಷ್ಟು ಸಾಕಾಯಿತು. ಬಹುವರ್ಷಗಳ ತರುವಾಯ, 1990ರ ‘ದೃಷ್ಟಿ’ ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶನ ಮಾಡಿದರು. ಆಗಲೂ ಮೋಗೂಬಾಯಿ ಬದುಕಿದ್ದರು.

ತಾಯಿಗೆ 1974ರಲ್ಲಿ ಪದ್ಮಭೂಷಣ, ಮಗಳಿಗೆ 1987ರಲ್ಲಿ. 2001ರ ಫೆಬ್ರವರಿ 10ರಂದು ಮೋಗೂಬಾಯಿ ತೀರಿಕೊಂಡರು. ಮರುವರ್ಷ ಪದ್ಮವಿಭೂಷಣ ಪಡೆದವರ ಪಟ್ಟಿಯಲ್ಲಿ ಕಿಶೋರಿ ಅಮೋನ್ಕರ್ ಮತ್ತು ಗಂಗೂಬಾಯಿ ಹಾನಗಲ್ ಇಬ್ಬರ ಹೆಸರೂ ಒಟ್ಟಿಗೇ ಇತ್ತು. ಒಬ್ಬರು ಕುರ್ಡಿಯ ತಾಯಿಯ ಮಗಳು, ಇನ್ನೊಬ್ಬರು ಹುಬ್ಬಳ್ಳಿಯ ತಾಯಿ.

2004ರಲ್ಲಿ ಕೃಷ್ಣಾ ಕ್ಯಾನ್ಸರಿನಿಂದ ತೀರಿಕೊಂಡರು. ತೊಂಬತ್ತು ದಾಟಿದ ತಾಯಿ ಮಗಳನ್ನು ಕಳೆದುಕೊಂಡರು. ಎರಡು ವರ್ಷಗಳ ನಂತರ, 2006ರ ಮಾರ್ಚಿನಲ್ಲಿ, ಗಂಗೂಬಾಯಿ ತಮ್ಮ ಕೊನೆಯ ಕಚೇರಿ ಮಾಡಿದರು. ಪಕ್ಕದ ಜಾಗದಲ್ಲಿ ಆ ಎತ್ತರದ ದನಿ ಇರಲಿಲ್ಲ.

ಕುರ್ಡಿಗೆ ಹೋಗಿ ನೋಡಬೇಕೆನ್ನುವವರು ಮೇ ತಿಂಗಳಲ್ಲೇ ಹೋಗಬೇಕು. ಸೋಮೇಶ್ವರನ ಉತ್ಸವಕ್ಕೆ ಹಳೆಯ ಊರಿನವರು ಮಕ್ಕಳು ಮೊಮ್ಮಕ್ಕಳೊಂದಿಗೆ ಬಂದು, ಇದು ನಮ್ಮ ಅಂಗಳ, ಇದು ಬಾವಿ ಎಂದು ತೋರಿಸುತ್ತಾ ನಡೆಯುತ್ತಾರೆ. ನೆರಳಿಲ್ಲ, ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಬೇಕು. ಮಳೆ ಹಿಡಿದ ಮೇಲೆ ಅಲ್ಲಿ ನೋಡಲು ನೀರು ಮಾತ್ರ.