ನಡೆದಾಗ ಕಾಲು ಹಿಡಿದುಕೊಳ್ಳುತ್ತದೆಯೆ? ರಕ್ತದ ಹರಿವನ್ನು ತಿಳಿಸುವ ಡಾಪ್ಲರ್ ಪರೀಕ್ಷೆ

ಏರು ಹತ್ತಿ ಕಾಫಿ ತೋಟಕ್ಕೆ ಹೋಗುವವರಿಗೂ, ಅಡಿಕೆ ಸಾಲುಗಳ ನಡುವಿನ ಬಸಿಗಾಲುವೆ ದಾಟಿ ಓಡಾಡುವವರಿಗೂ ಕಾಲೇ ಮೊದಲ ಬಂಡವಾಳ. ಗಿಡದ ಎಲೆ ಹಳದಿಯಾದರೆ ಅಂದೇ ವಿಚಾರಿಸಲು ಓಡುವ ನಾವು, ನಮ್ಮದೇ ಕಾಲಿನ ನೋವನ್ನು ಮಾತ್ರ ತೈಲ ಹಚ್ಚಿಕೊಂಡು ವರ್ಷಗಟ್ಟಲೆ ಸಾಗಿಸುತ್ತೇವೆ. ಹಾಗೆ ಸಾಗಿಸುವುದರಲ್ಲಿ ಎಷ್ಟು ಅಪಾಯವಿದೆ ಎಂಬುದನ್ನು ಬೆಳೆಗಾರ ಬಂಧುಗಳ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ನಮಗೆ ಪರಿಚಯವಿರುವ ಹಿರಿಯ ಬೆಳೆಗಾರರೊಬ್ಬರಿಗೆ ಮನೆಯಿಂದ ಕೆರೆ ಏರಿಯವರೆಗೆ ನಡೆದರೆ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಎರಡು ನಿಮಿಷ ನಿಂತರೆ ಬಿಡುತ್ತಿತ್ತು. ವಯಸ್ಸಾಯಿತು, ವಾತವಿರಬೇಕು ಎಂದು ಅವರೂ ಸುಮ್ಮನಿದ್ದರು, ಮನೆಯವರೂ ಸುಮ್ಮನಿದ್ದರು. ಬೀಡಿಯ ಅಭ್ಯಾಸ ಹಳೆಯದು. ಸಕ್ಕರೆ ಕಾಯಿಲೆಯೂ ಇತ್ತು. ಮಳೆಗಾಲದಲ್ಲಿ ಹೆಬ್ಬೆರಳಿಗಾದ ಸಣ್ಣ ಗಾಯ ದೀಪಾವಳಿ ಕಳೆದರೂ ಮಾಯಲಿಲ್ಲ. ಬೆರಳು ಕಪ್ಪಾದ ಮೇಲೆ ಆಸ್ಪತ್ರೆಗೆ ಹೋದರು. ಎರಡು ಬೆರಳು ಹೋದವು, ಕಾಲು ಉಳಿಯಿತು. ಅಲ್ಲಿ ಅವರಿಗೆ ಮೊದಲು ಮಾಡಿದ್ದು ಡಾಪ್ಲರ್ ಪರೀಕ್ಷೆ. ನಡೆಯುವಾಗ ನೋವು ಶುರುವಾದ ಕಾಲದಲ್ಲಿಯೇ ಅದನ್ನು ಮಾಡಿಸಿದ್ದರೆ ಬೆರಳುಗಳೂ ಉಳಿಯುತ್ತಿದ್ದವೇನೋ.

ಶಬ್ದದ ಲೆಕ್ಕ

ಘಾಟಿಯ ತಿರುವಿನಲ್ಲಿ ನಿಂತಾಗ, ಹಾರ್ನ್ ಮಾಡುತ್ತಾ ನಮ್ಮತ್ತ ಬರುವ ಬಸ್ಸಿನ ಸ್ವರ ಏರಿದಂತೆಯೂ, ನಮ್ಮನ್ನು ದಾಟಿ ಹೋದೊಡನೆ ಇಳಿದಂತೆಯೂ ಕೇಳುವುದು ಎಲ್ಲರ ಅನುಭವ. ಇದರ ಹಿಂದಿನ ತತ್ವವನ್ನು ಕ್ರಿಶ್ಚಿಯನ್ ಡಾಪ್ಲರ್ ಎಂಬ ಆಸ್ಟ್ರಿಯಾದ ವಿಜ್ಞಾನಿ 1842ರಲ್ಲಿ ಪ್ರಾಗ್ ನಗರದಲ್ಲಿ ಮಂಡಿಸಿದರು. ಅವರು ಹೇಳಹೊರಟದ್ದು ನಕ್ಷತ್ರಗಳ ಬೆಳಕಿನ ವಿಷಯ. 1845ರಲ್ಲಿ ಹಾಲೆಂಡಿನ ಬೈಸ್ ಬಲೋಟ್ ಎಂಬುವರು ರೈಲಿನಲ್ಲಿ ಕಹಳೆ ಊದುವವರನ್ನು ಕೂರಿಸಿ, ಶಬ್ದಕ್ಕೂ ಈ ತತ್ವ ಸಲ್ಲುವುದೆಂದು ತೋರಿಸಿದರು. ಮನುಷ್ಯ ಶರೀರಕ್ಕೆ ಇದನ್ನು ಅನ್ವಯಿಸುವ ಕೆಲಸವನ್ನು 1950ರ ದಶಕದಲ್ಲಿ ಜಪಾನಿನ ಒಸಾಕಾದಲ್ಲಿ ಸತೊಮುರ ಆರಂಭಿಸಿದರು. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾನಿಲಯದವರು ಮುಂದೆ ಅದನ್ನು ಬೆಳೆಸಿದರು.

ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳ ಶಬ್ದ ಮಾತ್ರ ಕೇಳಿಸುತ್ತದೆ. ಈ ಪರೀಕ್ಷೆಯಲ್ಲಿ ಬಳಸುವುದು ಸೆಕೆಂಡಿಗೆ ಹಲವು ಲಕ್ಷ ಕಂಪನಗಳ ಶ್ರವಣಾತೀತ ಶಬ್ದ. ಪೆನ್ನಿನಂತಹ ಒಂದು ಸಾಧನವನ್ನು ಚರ್ಮದ ಮೇಲೆ ಓರೆಯಾಗಿ ಹಿಡಿದಾಗ ಶಬ್ದ ಒಳಹೋಗಿ, ಹರಿಯುವ ರಕ್ತಕಣಗಳಿಗೆ ತಾಗಿ ಮರಳುತ್ತದೆ. ರಕ್ತ ಚಲಿಸುತ್ತಿರುವುದರಿಂದ ಮರಳಿದ ಶಬ್ದದ ಕಂಪನ ಸ್ವಲ್ಪ ಬೇರೆಯಾಗಿರುತ್ತದೆ. ಉದಾಹರಣೆಗೆ, 50 ಲಕ್ಷ ಕಂಪನಗಳ ಶಬ್ದವನ್ನು 60 ಡಿಗ್ರಿ ಓರೆಯಲ್ಲಿ ಕಳಿಸಿದಾಗ, ರಕ್ತ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಹರಿಯುತ್ತಿದ್ದರೆ ವ್ಯತ್ಯಾಸ ಸುಮಾರು 1,600 ಕಂಪನ. ಇದು ಕಿವಿಗೆ ಕೇಳಿಸುವ ಮಿತಿಯೊಳಗೇ ಇದೆ! ಆದ್ದರಿಂದಲೇ ಆ ಸಣ್ಣ ಯಂತ್ರದಿಂದ ರಕ್ತದ ಹರಿವು 'ಹುಶ್, ಹುಶ್' ಎಂದು ಕೇಳಿಬರುತ್ತದೆ. ಸೂಜಿ ಚುಚ್ಚುವುದಿಲ್ಲ, ಕ್ಷಕಿರಣವೂ ಇಲ್ಲ.

ಕಾಲಿನ ಪರೀಕ್ಷೆ

ರೋಗಿಯನ್ನು ಕೆಲವು ನಿಮಿಷ ಮಲಗಿಸಿ, ಎರಡೂ ತೋಳುಗಳ ರಕ್ತದೊತ್ತಡ ಅಳೆಯುತ್ತಾರೆ. ಬಳಿಕ ಅದೇ ಪಟ್ಟಿಯನ್ನು ಹರಡಿನ ಮೇಲ್ಭಾಗಕ್ಕೆ ಸುತ್ತಿ, ಪಾದದ ಅಪಧಮನಿಯ ಮೇಲೆ ಅಂಟುದ್ರವ ಹಚ್ಚಿ ಡಾಪ್ಲರ್ ಇಡುತ್ತಾರೆ. ಪಟ್ಟಿಗೆ ಗಾಳಿ ತುಂಬಿದಾಗ ಶಬ್ದ ನಿಲ್ಲುತ್ತದೆ. ಮೆಲ್ಲನೆ ಗಾಳಿ ಬಿಟ್ಟಾಗ ಶಬ್ದ ಮರಳಿದ ಕ್ಷಣದ ಅಂಕಿಯೇ ಕಾಲಿನ ಒತ್ತಡ. ಅದನ್ನು ತೋಳಿನ ಒತ್ತಡದಿಂದ ಭಾಗಿಸಬೇಕು. ತೋಳಿನಲ್ಲಿ 140, ಕಾಲಿನಲ್ಲಿ 84 ಇದ್ದರೆ ಬರುವುದು 0.6. ಆರೋಗ್ಯವಂತರಲ್ಲಿ ಇದು 1.0ರಿಂದ 1.4ರವರೆಗೆ ಇರುತ್ತದೆ. 0.9ಕ್ಕಿಂತ ಕಡಿಮೆಯಾದರೆ ಕಾಲಿನ ರಕ್ತನಾಳ ಕಿರಿದಾಗಿದೆಯೆಂದೂ, 0.4ಕ್ಕಿಂತ ಇಳಿದರೆ ಸ್ಥಿತಿ ತೀವ್ರವಾಗಿದೆಯೆಂದೂ ತಿಳಿಯಬೇಕು. ಸಕ್ಕರೆ ಕಾಯಿಲೆಯವರಲ್ಲಿ ನಾಳದ ಗೋಡೆ ಸುಣ್ಣಗಟ್ಟಿ ಗಡುಸಾಗಿ, 1.4ಕ್ಕಿಂತ ಹೆಚ್ಚಿನ ಅಂಕಿ ಬರುವುದುಂಟು. ಅದು ಒಳ್ಳೆಯ ಲಕ್ಷಣವಲ್ಲ. ಅಂಥವರಿಗೆ ಕಾಲ್ಬೆರಳಿನ ಒತ್ತಡವನ್ನು ಬೇರೆಯಾಗಿ ಅಳೆಯಬೇಕಾಗುತ್ತದೆ.

ನಾಳ ಎಲ್ಲಿ ಕಿರಿದಾಗಿದೆ ಎಂದು ತಿಳಿಯಲು ದೊಡ್ಡ ಯಂತ್ರದ ಬಣ್ಣದ ಡಾಪ್ಲರ್ ಬೇಕು. ನೀರಿನ ಪೈಪಿನ ಬಾಯಿಯನ್ನು ಬೆರಳಿನಿಂದ ಅರ್ಧ ಮುಚ್ಚಿದರೆ ನೀರು ರಭಸದಿಂದ ಚಿಮ್ಮುವುದನ್ನು ನಾವೆಲ್ಲ ಕಂಡಿದ್ದೇವೆ. ಹಾಗೆಯೇ ಕಿರಿದಾದ ಜಾಗದಲ್ಲಿ ರಕ್ತದ ವೇಗ ಏರುತ್ತದೆ, ಯಂತ್ರ ಅದನ್ನು ಹಿಡಿದು ತೋರಿಸುತ್ತದೆ. ಪರದೆಯಲ್ಲಿ ಕಾಣುವ ಕೆಂಪು ಮತ್ತು ನೀಲಿ ಬಣ್ಣಗಳು ಶುದ್ಧರಕ್ತ, ಅಶುದ್ಧರಕ್ತ ಎಂಬ ಅರ್ಥದವಲ್ಲ. ಸಾಮಾನ್ಯವಾಗಿ ಸಾಧನದತ್ತ ಬರುವ ಹರಿವಿಗೆ ಕೆಂಪು, ದೂರ ಹೋಗುವುದಕ್ಕೆ ನೀಲಿ.

ಇತರ ಉಪಯೋಗಗಳು

ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ಇದರಿಂದ ನೋಡುತ್ತಾರೆ. ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಕುತ್ತಿಗೆಯ ಅಪಧಮನಿಯನ್ನು ಪರೀಕ್ಷಿಸಿ ಪಾರ್ಶ್ವವಾಯುವಿನ ಸಂಭವವನ್ನು ಅಂದಾಜು ಮಾಡುವುದೂ ಉಂಟು. ಗರ್ಭದಲ್ಲಿ ಮಗುವಿನ ಬೆಳವಣಿಗೆ ಕುಂಠಿತವಾದಾಗ ಹೊಕ್ಕುಳಬಳ್ಳಿಯ ರಕ್ತದ ಹರಿವನ್ನು ನೋಡಿ ಹೆರಿಗೆಯ ಸಮಯ ನಿರ್ಧರಿಸುತ್ತಾರೆ. ಆದರೆ ಗಂಡೋ ಹೆಣ್ಣೋ ಎಂದು ತಿಳಿಯಲು ಯಂತ್ರವನ್ನು ಬಳಸುವುದು 1994ರ ಕಾಯಿದೆಯಂತೆ ಅಪರಾಧವೆಂಬುದನ್ನು ಮರೆಯಬಾರದು.

ನಾವು ಮಾಡಬೇಕಾದುದು

ಇಷ್ಟು ದೂರ ನಡೆದರೆ ಮೀನಖಂಡ ನೋಯುತ್ತದೆ, ನಿಂತರೆ ಬಿಡುತ್ತದೆ ಎಂಬ ಅನುಭವವಿದ್ದವರು, ಪಾದದ ಗಾಯ ಎರಡು ವಾರವಾದರೂ ಮಾಯದವರು ಡಾಪ್ಲರ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಬೇಕು. ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶಜ್ಞಾನ ಕುಂದುವುದರಿಂದ ಮುಳ್ಳು ಚುಚ್ಚಿದ್ದೂ, ಇಂಬಳ ಕಚ್ಚಿದ್ದೂ ತಿಳಿಯದೇ ಹೋದೀತು. ಅಂಥವರು ಸಂಜೆ ತೋಟದಿಂದ ಬಂದೊಡನೆ ಕಾಲು ತೊಳೆದು, ಬೆರಳ ಸಂದುಗಳನ್ನು ಒರೆಸಿ ನೋಡಿಕೊಳ್ಳುವುದು ಅಗತ್ಯ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ವಿಪರೀತ ನೋಯತೊಡಗಿದರೆ ಮಾತ್ರ ದಿನದ ಮಾತೇ ಇಲ್ಲ; ಗಂಟೆಗಳ ಲೆಕ್ಕ. ಕೂಡಲೇ ದೊಡ್ಡ ಆಸ್ಪತ್ರೆಗೆ ಹೊರಡಬೇಕು.

ಪರೀಕ್ಷೆಯೇ ಚಿಕಿತ್ಸೆಯಲ್ಲ ಎಂಬುದೂ ನಿಜ. ಬೀಡಿ ಸಿಗರೇಟು ಬಿಡುವುದು, ಸಕ್ಕರೆ ಮತ್ತು ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು, ವೈದ್ಯರ ಸಲಹೆಯಂತೆ ಔಷಧ ಸೇವಿಸಿ ನಿತ್ಯ ನಡೆಯುವುದು, ಇವು ಅನೇಕರಿಗೆ ಗುಣ ಕೊಡುತ್ತವೆ. ಕೆಲವರಿಗೆ ಮಾತ್ರ ಶಸ್ತ್ರಚಿಕಿತ್ಸೆ ಬೇಕಾದೀತು.

ಕೊಯ್ಲು ಮುಗಿಯಲಿ, ಅಡಿಕೆ ಒಣಗಲಿ ಎಂದು ದಿನ ದೂಡುವುದು ನಮ್ಮೆಲ್ಲರ ಅಭ್ಯಾಸ. ಮುಂದಿನ ಕೊಯ್ಲಿಗೂ ಇದೇ ಕಾಲುಗಳು ಬೇಕು ಎಂಬುದನ್ನು ನೆನಪಿಡೋಣ.